ಹುಲ್ಲು ಸುತ್ತಿದ ಗಂಟೆ

ತಿಗನಾರೆ
ಮಾರ್ಚ್ ೧೨, ಮಧ್ಯಾಹ್ನ

ಮುದ್ದು ಮೇಘಾ,

ಅವ್ವನ ಹರಕೆ ನಿನ್ನ ಮೇಲಿರಲಿ. ಇಲ್ಲಿ ಎಲ್ಲರೂ ಕ್ಷೇಮ. ಪತ್ರ ಹೀಗೆಯೇ ಶುರುವಾಗಬೇಕೆಂದು ಶಾಲೆಯಲ್ಲಿ ಸಿಸ್ಟರ್ ಆಗ್ನೆಸ್ ಕಲಿಸಿದ್ದು ಕೈಗೆ ಅಂಟಿಕೊಂಡಿದೆ, ಅದಕ್ಕೇ ಬರೆದೆ. ನಿಜ ಹೇಳಬೇಕೆಂದರೆ, ಬೆಳಿಗ್ಗೆ ಹಸು ಗೌರಿಯನ್ನು ಹೊಡೆದುಕೊಂಡು ಕಾಡಿಗೆ ಹೋದ ನಿಮ್ಮಪ್ಪ ಇನ್ನೂ ಬಂದಿಲ್ಲ. ಊಟದ ಹೊತ್ತಿಗೆ ಬರುತ್ತೇನೆ ಎಂದಿದ್ದರು. ಹಿಟ್ಟಿನ ಮುದ್ದೆ ಆರಿ ಕಲ್ಲಾಗಿದೆ. ಫೋನ್ ಮಾಡಿದರೆ ನನ್ನ ದನಿಯಲ್ಲೇ ಹಿಡಿದುಬಿಡುತ್ತೀಯ, ಸತ್ಯಮಂಗಲದಿಂದ ಸಿಕ್ಕಿದ ಬಸ್ ಹತ್ತಿಬಿಡುತ್ತೀಯ. ಮಿಷನ್ ಶಾಲೆಯ ಕಥೆ ಬರೆದು ಕಳಿಸು ಎಂದು ಪ್ರಾಣ ತಿನ್ನುತ್ತಿದ್ದೆಯಲ್ಲ, ತಗೋ. ಕೈ ಸುಮ್ಮನಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ನನ್ನನ್ನು ಆ ಶಾಲೆಯ ಹಾಸ್ಟೆಲಿಗೆ ಸೇರಿಸುವಾಗ ನಮ್ಮಜ್ಜಿ ರಂಪ ಮಾಡಿದ್ದಳು. ಅಲ್ಲಿ ಉಂಡು ಬಂದವಳ ಕೈನೀರು ಕುಡಿಯುವುದಿಲ್ಲ ಎಂದಳು. ನನ್ನ ಅಪ್ಪ, ನೀನು ನೋಡದ ನಿನ್ನ ತಾತ, "ಒಲ ಆನೆ ತಿಂತದೆ ಕಣವ್ವ, ಓದ್ನ ಯಾವ ಆನೆ ತಿಂದದು?" ಎಂದು ಅವಳ ಬಾಯಿ ಮುಚ್ಚಿಸಿದ. ಮೊದಲ ರಜೆಗೆ ಬಂದಾಗ ಅಜ್ಜಿ ನನ್ನ ಕೈಯಿಂದ ಚೆಂಬು ಇಸಿದುಕೊಂಡು ಗಟಗಟನೆ ಕುಡಿದಳು, ಅದು ಬೇರೆ ಮಾತು.

ಶಾಲೆಯಲ್ಲಿ ಬೆಳಿಗ್ಗೆ ಗೋಧಿ ನುಚ್ಚಿನ ಉಪ್ಪಿಟ್ಟು, ತಮಿಳು ಪ್ರಾರ್ಥನೆ. ನನಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದ ಸೆಲ್ವಿ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಅರ್ಧ ಸುಳ್ಳೆಂದು ಆಮೇಲೆ ಗೊತ್ತಾಯಿತು. ಸಂಜೆ ಆಟ ಮುಗಿದಾಗ ಸಿಸ್ಟರ್ ಆಗ್ನೆಸ್ ಜಗಲಿಯ ಮೇಲೆ ನಿಂತು ಕೈಗಂಟೆ ಬಾರಿಸುತ್ತಿದ್ದರು. ಕೊನೆಯ ಹುಡುಗಿ ಒಳಗೆ ಬರುವವರೆಗೂ ನಿಲ್ಲಿಸುತ್ತಿರಲಿಲ್ಲ. ಬೇಲಿಯ ಮೂಲೆಯಲ್ಲಿ ಹುಣಸೆಕಾಯಿ ಆಯುತ್ತಾ ನಾನೇ ಎಷ್ಟೋ ಸಲ ಕೊನೆಯವಳಾಗಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ನಮ್ಮ ಪಕ್ಕದ ಹೊಲದ ಚಿಕ್ಕಸಿದ್ದ ಬಂದು ಹೋದ. ನಮ್ಮ ಬೇಲಿಯ ಗೂಟದಲ್ಲಿ ನೇತಾಡುತ್ತಿತ್ತು ಎಂದು ಗೌರಿಯ ಕೊರಳ ಗಂಟೆಯನ್ನು ತಂದುಕೊಟ್ಟ. ಮೇಘಾ, ಇನ್ನು ನಿನ್ನಿಂದ ಮುಚ್ಚಿಡಲಾರೆ.

ಕಾಡಿನೊಳಗೆ ದನ ಮೇಯಿಸಬಾರದೆಂಬ ಅರಣ್ಯ ಇಲಾಖೆಯ ಕಟ್ಟಪ್ಪಣೆ ನಿನಗೂ ಗೊತ್ತು. ಮನೆಯ ಹುಲ್ಲು ಮುಗಿದಾಗ ನಮ್ಮವರು ಮಾಡುವ ಉಪಾಯವೂ ಗೊತ್ತು. ಗಂಟೆಯ ನಾಲಗೆಗೆ ಹುಲ್ಲು ಸುತ್ತಿ, ಸದ್ದಡಗಿಸಿ ಒಳಗೆ ಹೋಗುತ್ತಾರೆ. ನಿನ್ನ ತಾತನೂ ಸುತ್ತುತ್ತಿದ್ದ. ಯಾಕಪ್ಪ ಎಂದು ಕೇಳಿದರೆ, "ಗಾರ್ಡ್ ಕಿವೀಗೆ ಬೀಳ್ದಂಗೆ ಕಣವ್ವ" ಎಂದು ನಗುತ್ತಿದ್ದ. ಆದರೆ ಗಾರ್ಡಿಗೆ ಕೇಳಿಸದ ಗಂಟೆ ಆನೆಗೂ ಕೇಳಿಸುವುದಿಲ್ಲ. ಸದ್ದು ಕೇಳಿದ್ದರೆ ಅದರ ಪಾಡಿಗೆ ಅದು ಸರಿದು ಹೋಗುತ್ತಿತ್ತು. ಒಂದು ದಿನ ಲಂಟಾನ ಪೊದೆಯ ತಿರುವಿನಲ್ಲಿ ಆನೆಯೂ ನನ್ನ ಅಪ್ಪನೂ ಎದುರುಬದುರಾದರು. ನಾನು ಆಗ ಲೆಕ್ಕದ ಪಾಠದಲ್ಲಿದ್ದೆ. ಸಿಸ್ಟರ್ ಆಗ್ನೆಸ್ ಕ್ಲಾಸಿನ ಬಾಗಿಲಿಗೆ ಬಂದು ಮೆಲ್ಲಗೆ ನನ್ನ ಹೆಸರು ಕರೆದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ತಾತ ಕಾಡಿನಲ್ಲಿ ತೀರಿಹೋದ ಎಂದಷ್ಟೇ ನಿನಗೆ ಹೇಳಿದ್ದೆ, ಹೇಗೆಂದು ಹೇಳಿರಲಿಲ್ಲ.

ಬೆಳಿಗ್ಗೆ ನಿಮ್ಮಪ್ಪ ಉಣ್ಣುತ್ತಿದ್ದಾಗ ಕೊಟ್ಟಿಗೆಗೆ ಹೋಗಿ ನೋಡಿದೆ. ಗೌರಿಯ ಗಂಟೆಗೂ ಹುಲ್ಲು ಸುತ್ತಿಟ್ಟಿದ್ದರು. ಸದ್ದಿಲ್ಲದೆ ಬಿಚ್ಚಿಬಿಟ್ಟೆ. ಬಾಯಿ ಬಿಟ್ಟು ಹೇಳಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ನಿನ್ನ ಜಾಣೆ ಅವ್ವ ಹೀಗೆ ಮಾಡಿದಳು! ಬೇಲಿ ದಾಟುವಾಗ ಗಂಟೆ ಸದ್ದು ಮಾಡಿರಬೇಕು. ಅವರು ಅದನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿ ಬರಿಗೊರಳ ದನದೊಂದಿಗೆ ಹೋಗಿದ್ದಾರೆ. ಸುತ್ತಿದ ಹುಲ್ಲಾಗಿದ್ದರೆ ದಾರಿಯಲ್ಲಿ ಉದುರಿ ಗಂಟೆ ಸದ್ದಾದರೂ ಮಾಡುತ್ತಿತ್ತು. ಈಗ ಅದೂ ಇಲ್ಲ.

ಹೊತ್ತು ವಾಲುತ್ತಿದೆ. ಹಳ್ಳದ ಕಡೆ ಆನೆ ಹಿಂಡು ಇಳಿದಿದೆ ಎಂದು ಚಿಕ್ಕಸಿದ್ದ ಬಾಯಿ ತಪ್ಪಿ ಹೇಳಿದ. ಇನ್ನು ಕೂತು ಬರೆಯಲು ನನ್ನಿಂದಾಗದು. ಈ ಗಂಟೆ ಹಿಡಿದು ಕಾಡಿನ ಅಂಚಿಗೆ ಹೋಗುತ್ತೇನೆ, ಸಿಸ್ಟರ್ ಬಾರಿಸುತ್ತಿದ್ದ ಹಾಗೆ ಬಾರಿಸುತ್ತೇನೆ. ಗಾರ್ಡು ಕೇಳಲಿ, ಊರೇ ಕೇಳಲಿ.

ನಿನ್ನ ಅವ್ವ,
ದೊಡ್ಡತಾಯಮ್ಮ

ಮರೆತು ಬಿಟ್ಟದ್ದಲ್ಲ, ಮನೆಗೆ ಬಂದ ಮೇಲೆ ಬರೆದದ್ದು: ತೋಳು ಸೋತು ಬೀಳುವವರೆಗೆ ಬಾರಿಸಿದೆ. ಮೊದಲು ಗೌರಿ ಓಡಿ ಬಂತು. ನಿಮ್ಮಪ್ಪ ಬರಲಿಲ್ಲ. ಅಳುತ್ತಲೇ ಬಾರಿಸಿದೆ. ಕತ್ತಲಾಗುವ ಮುಂಚೆ ಬಂದರು, ಒಂದು ಚಪ್ಪಲಿಯಿಲ್ಲ, ಮೈಯೆಲ್ಲ ಮುಳ್ಳು ತರಚು. ಆನೆಗಳು ದಾರಿಗಡ್ಡ ನಿಂತಿದ್ದವಂತೆ, ಇವರು ಪೊದೆಯೊಳಗೆ ಉಸಿರು ಬಿಗಿಹಿಡಿದು ಕೂತಿದ್ದರಂತೆ. ಗಂಟೆ ನಿಲ್ಲದೆ ಬಡಿದದ್ದಕ್ಕೆ ಅವು ಬೇಸತ್ತು ಸರಿದವು ಎಂದರು. ಬೈಯಲಿಲ್ಲ. ನನ್ನ ಕೈಯಿಂದ ಗಂಟೆ ಇಸಿದುಕೊಂಡು ಗೌರಿಯ ಕೊರಳಿಗೆ ತಾವೇ ಕಟ್ಟಲು ನೋಡಿದರು, ಬೆರಳಲ್ಲಿ ಮುಳ್ಳು ಮುರಿದುಕೊಂಡಿದ್ದರಿಂದ ಗಂಟು ಬೀಳಲಿಲ್ಲ. ನಾನೇ ಕಟ್ಟಿದೆ. ಮನೆಯಲ್ಲಿ ಹುಲ್ಲಿಲ್ಲ, ನಾಳೆಯೂ ಕಾಡಿಗೇ ಹೋಗಬೇಕು. ನಾಳೆ ನಾನೂ ಜೊತೆಗೆ ಹೊರಡುತ್ತೇನೆ. ಅವರಿಗಿನ್ನೂ ಹೇಳಿಲ್ಲ.