ಅವ್ವ ಕೊಂಡ ಕಂಬಳಿ

ನವೆಂಬರ್ 18, ಸಿಂಧನೂರು ಹಾಸ್ಟೆಲ್

ಕಂಬಳಿಯನ್ನು ಬ್ಯಾಗಿನಿಂದ ತೆಗೆಯಲು ಸಂಜೆಯಿಂದ ಟೆನ್ಷನ್. ಕುರಿ ವಾಸನೆಗೆ ರೂಮಿನವರು ನಕ್ಕರೆ?

ಬೆಳಿಗ್ಗೆ ಮಸ್ಕಿ ಸಂತೆಯಲ್ಲಿ ಅವ್ವ ಹತ್ತಿ ಬಿಡಿಸಿದ ಕೂಲಿ ಕೊಟ್ಟು ಇದನ್ನು ಕೊಂಡಳು.

“ಎರಡು ಸಾವಿರ ಏನಬೇ ಯವ್ವಾ! ಆನ್‌ಲೈನ್‌ನಾಗ ಸಾಫ್ಟ್ ಬ್ಲಾಂಕೆಟ್ ನಾನೂರಕ್ಕ ಬರ್ತದ,” ಎಂದಿದ್ದೆ.

ಅವ್ವ ಮಾರುವವನ ಜೊತೆ ಕಂಬಳಿಯ ನಾಲ್ಕೂ ತುದಿ ಹಿಡಿದು, ನನ್ನ ಕೈಯಿಂದ ನಡುವೆ ತಂಬಿಗೆ ನೀರು ಸುರಿಸಿದಳು. ಕೆಳಗೆ ಒಂದು ಹನಿಯೂ ಇಳಿಯಲಿಲ್ಲ.

“ನಿನ್ನ ನಾನೂರರದ್ದು ಹಿಂಗ ತಡಿತದೇನ, ಹುಚ್ಚಿ? ಇದನ್ನ ನಿನ್ನ ಮಗಳೂ ಹೊದಿತಾಳ.”

ಶಾಲೆಯ ಮುಖ ನೋಡದವಳ ಲ್ಯಾಬ್ ಟೆಸ್ಟ್ ಅದು! ನಾನು ಸ್ಟಾರ್ ರೇಟಿಂಗ್ ನೋಡಿ ಕೊಳ್ಳುವವಳು.

ಈಗ ಕೊನೆಗೂ ಹೊರತೆಗೆದಾಗ ರೂಮ್‌ಮೇಟ್ ಮೌನೇಶ್ವರಿ ಕಂಬಳಿಯ ರೇಟ್ ಕೇಳಿದಳು. ಯಾರೋ ಪುಕ್ಕಟೆ ಕೊಟ್ಟರು ಎನ್ನಬೇಕೆಂದಿದ್ದೆ. “ಎರಡು ಸಾವಿರ. ನಮ್ಮವ್ವ ಆರಿಸ್ಯಾಳ,” ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೂ ಅದನ್ನೇ ಹೇಳುತ್ತಿದ್ದೆ, ಅನಿಸುತ್ತದೆ. ಮೈಗೆ ಸ್ವಲ್ಪ ಚುಚ್ಚುತ್ತದೆ, ಆದರೆ ಎಷ್ಟು ಬೆಚ್ಚಗೆ...