ಸಹಿ ಹಾಕುವವರು ಊರು ಬಿಟ್ಟಿದ್ದಾರೆ

ಮತಾನ್ಸಾಸ್, ಕ್ಯೂಬಾ
24 ನವೆಂಬರ್ 2024, ಭಾನುವಾರ

ಪ್ರೀತಿಯ ತಂಗಿ ಇದಾಲ್ಮಿಸ್‌ಗೆ,

ಹೇಗಿದ್ದೀಯೆ? ಕೆಮ್ಮು ಇಳಿಯಿತೇ? ಹೋದ ವಾರ ಫೋನಿನಲ್ಲಿ "ಬೆರಳೆಲ್ಲ ಮರಗಟ್ಟಿ ಹೋಗುತ್ತೆ ಅಕ್ಕ, ಈ ಚಳಿ ನಂಗಾಗಲ್ಲ" ಎಂದು ಅಳುತ್ತಿದ್ದೆ, ಅಷ್ಟರಲ್ಲಿ ಲೈನು ಕಡಿದುಹೋಯಿತು. ಬಿಸಿ ಹಾಲಿಗೆ ಜೇನು ಹಾಕಿ ಕುಡಿ, ಅಲ್ಲಿ ಎರಡೂ ಸಿಗುತ್ತವಲ್ಲ. ನನ್ನ ಮಂಡಿನೋವು ಇದ್ದದ್ದೇ. ನಿನ್ನ ಮಗಳು ಮೈಲೇನ್ ಈ ಹದಿನಾಲ್ಕು ತಿಂಗಳಲ್ಲಿ ಎಷ್ಟು ಉದ್ದವಾಗಿದ್ದಾಳೆ ಗೊತ್ತೇ, ಶಾಲೆಯ ಲಂಗದ ಮಡಿಕೆಯನ್ನು ಎರಡು ಸಲ ಬಿಚ್ಚಿ ಹೊಲಿದೆ. ಇನ್ನು ಬಿಚ್ಚಲು ಮಡಿಕೆ ಉಳಿದಿಲ್ಲ.

ನೀನು ಕಾಯುತ್ತಿರುವ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ. ಅವಳ ಜನನ ದಾಖಲೆಯ ಪೂರ್ತಿ ನಕಲು ಇನ್ನೂ ಬಂದಿಲ್ಲ. ಅದಿಲ್ಲದೆ ಅಲ್ಲಿಯವರು ಅವಳ ಅರ್ಜಿಯನ್ನು ಮುಟ್ಟುವುದಿಲ್ಲ ಎಂದು ನನಗೂ ಗೊತ್ತು, ಪ್ರತಿ ಸಲ ಹೇಳಬೇಡ. ಜೂನ್‌ನಲ್ಲಿ ಹೋದರೆ ಕಚೇರಿಯಲ್ಲಿ ಕರೆಂಟು ಇರಲಿಲ್ಲ. ಜುಲೈಯಲ್ಲಿ ಕರೆಂಟು ಇತ್ತು, ಪ್ರಿಂಟರಿಗೆ ಇಂಕು ಇರಲಿಲ್ಲ. ಇಂಕು ಬಂತು ಅನ್ನುವಷ್ಟರಲ್ಲಿ ಅಂಟಿಸುವ ಸ್ಟಾಂಪು ಊರಲ್ಲೇ ಮುಗಿದಿತ್ತು. ಈಗ ಸಹಿ ಹಾಕುವ ಹೆಂಗಸೇ ಬ್ರೆಜಿಲ್‌ಗೆ ಹೊರಟುಹೋಗಿದ್ದಾಳೆ, ಹೊಸಬಳಿಗೆ ಇನ್ನೂ ಅಧಿಕಾರ ಬಂದಿಲ್ಲವಂತೆ. ನೀನು ಇದರಲ್ಲಿ ಒಂದನ್ನೂ ಮರುಪ್ರಶ್ನೆ ಮಾಡಲಿಲ್ಲ. ಇಲ್ಲೇ ಹುಟ್ಟಿ ಬೆಳೆದವಳು, ಯಾಕೆ ಮಾಡುತ್ತೀಯೆ?

ಇಲ್ಲಿಯ ಸ್ಥಿತಿ ನೀನು ಬಿಟ್ಟುಹೋದದ್ದಕ್ಕಿಂತ ಕಡೆ. ಕರೆಂಟು ದಿನಕ್ಕೆ ನಾಲ್ಕು ಗಂಟೆ ಬಂದರೆ ಹಬ್ಬ. ಬಂದ ಕೂಡಲೇ ಓಣಿಯವರೆಲ್ಲ ಒಟ್ಟಿಗೆ ಕೂಗುತ್ತಾರೆ, ಒಟ್ಟಿಗೆ ಅಕ್ಕಿ ಬೇಯಿಸಲು ಓಡುತ್ತಾರೆ. ಕಾಫಿಯಲ್ಲಿ ಈಗ ಹುರಿದ ಬಟಾಣಿಯೇ ಜಾಸ್ತಿ. ರೊಟ್ಟಿಯ ಸಾಲಿನಲ್ಲಿ ನಿಂತು "ಕೊನೇಲಿ ಯಾರಪ್ಪಾ?" ಎಂದು ಕೇಳಿದರೆ, "ಈ ದೇಶ ಕಣಮ್ಮ, ಅದರ ಹಿಂದೆ ನಿಂತ್ಕೊ" ಎಂದು ಮುದುಕನೊಬ್ಬ ಹೇಳಿದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದೇನೆ, ಒಂದು ಸಲವೂ ಈ ದ್ವೀಪ ಬಿಟ್ಟು ಹೊರಗೆ ಕಾಲಿಟ್ಟವಳಲ್ಲ. ನೀನು ಇರುವ ಸ್ಪೇನಿನ ಲೂಗೊ ಊರಿನ ಪಕ್ಕ ಮಿನ್ಯೋ ನದಿ ಹರಿಯುತ್ತದೆ, ಎಲ್ಲಿ ಹುಟ್ಟಿ ಎಲ್ಲಿ ಕಡಲು ಸೇರುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಭೂಗೋಳದಲ್ಲಿ ಎರಡು ಸಲ ಫೇಲಾದ ನೀನು ಅದರ ದಂಡೆಯಲ್ಲಿ ಕೆಂಪು ಕೋಟು ಹಾಕಿಕೊಂಡು ಫೋಟೋ ಕಳಿಸಿ "ಇದ್ಯಾವ್ದೋ ಹೊಳೆ ಅಕ್ಕ" ಎಂದು ಬರೆಯುತ್ತೀಯೆ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ಹೌದು, ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟು ಏನಾಗಬೇಕು? ನಾವು ಒಂದೇ ತಾಯಿಯ ಮಕ್ಕಳು, ಅಪ್ಪಂದಿರು ಬೇರೆ. ಸೆವೆರೀನೊ ಅಜ್ಜ ನಿನ್ನ ಅಪ್ಪನ ಅಪ್ಪ. ರಕ್ತದ ಲೆಕ್ಕದಲ್ಲಿ ನನಗೆ ಏನೂ ಅಲ್ಲ. ಆದರೆ ಅವರು ಹಾಸಿಗೆ ಹಿಡಿದ ಮೂರು ವರ್ಷ ಮೈ ಒರೆಸಿದವಳು ಯಾರು? "ವಾಸನೆ ಅಕ್ಕ, ನಂಗೆ ವಾಕರಿಕೆ ಬರುತ್ತೆ" ಎಂದು ನೀನು ಬಾಗಿಲಿನಿಂದಲೇ ಓಡುತ್ತಿದ್ದೆ. ನಾನು ಗಂಜಿ ಕುಡಿಸುತ್ತ, ಅವರು ಸ್ಪೇನಿನಲ್ಲಿ ಬಿಟ್ಟುಬಂದ ಊರಿನ ಕತೆ ಕೇಳುತ್ತಿದ್ದೆ. "ನೀನು ನಮ್ಮೂರೋಳು ಕಣೇ ನೆರೇಯ್ದಾ, ತಪ್ಪಿ ಇಲ್ಲಿ ಹುಟ್ಟಿದ್ದೀಯ" ಎನ್ನುತ್ತಿದ್ದರು. ಆ ಕತೆಗಳಲ್ಲಿ ಬಂದ ಚರ್ಚಿನ ಹೆಸರು ನೆನಪಿದ್ದದ್ದು ನನಗೆ. ಅಲ್ಲಿಯ ಪಾದ್ರಿಗೆ ಪತ್ರ ಬರೆದು ಅಜ್ಜನ ದೀಕ್ಷಾಸ್ನಾನದ ದಾಖಲೆ ತರಿಸಿದವಳು ನಾನು, ಮೊಮ್ಮಗಳೆಂದು ಸ್ಪೇನಿನ ಪಾಸ್‌ಪೋರ್ಟು ಸಿಕ್ಕಿದ್ದು ನಿನಗೆ.

ಇನ್ನೊಂದು ಹೇಳುತ್ತೇನೆ, ಬೇಜಾರಾದರೆ ಆಗಲಿ. ಹೊಸ ವರ್ಷದ ಹೊತ್ತಿಗೆ ಪೆಟ್ಟಿಗೆ ಹಿಡಿದು ಓಣಿ ಸುತ್ತು ಹಾಕಿದರೆ ಆ ವರ್ಷ ಪ್ರಯಾಣ ಖಂಡಿತ ಎಂದು ನಾನು ಹನ್ನೊಂದು ವರ್ಷ ಸುತ್ತಿದೆ. ನೀನು ಬಾಲ್ಕನಿಯಲ್ಲಿ ಹುರಿದ ಹಂದಿಮಾಂಸ ಜಗಿಯುತ್ತ, "ಖಾಲಿ ಪೆಟ್ಟಿಗೆ ನೋಡಿದ್ರೆ ವಿಮಾನದೋರು ನಗ್ತಾರೆ, ಎರಡು ಇಟ್ಟಿಗೆನಾದ್ರೂ ಹಾಕ್ಕೊಳೇ!" ಎಂದು ಕೂಗುತ್ತಿದ್ದೆ. ಕೊನೆಗೆ ನನ್ನ ಪೆಟ್ಟಿಗೆಯಲ್ಲೇ ನಿನ್ನ ಬಟ್ಟೆ ತುಂಬಿಕೊಂಡು ಹೋದೆ. ಈಗ ಅಂಗಡಿಯಲ್ಲಿ ಇಪ್ಪತ್ತು ಬಗೆಯ ಮೊಸರು ನೋಡಿ ಯಾವುದನ್ನು ಆರಿಸಲಿ ಎಂದು ತಲೆನೋವು ಬರುತ್ತದಂತೆ. ಅಂಥ ತಲೆನೋವು ನನಗೂ ಒಂದು ದಿನ ಬರಲಿ ಎಂದು ದೇವರನ್ನು ಬೇಡಿಕೊಂಡಿದ್ದೇನೆ.

ಮೈಲೇನ್ ಮೊದಲಿನ ಹಾಗೆ ಫೋನಿಗೆ ಓಡಿ ಬರುವುದಿಲ್ಲ, ಅದಕ್ಕೆ ನೊಂದುಕೊಳ್ಳಬೇಡ. ಬೆಳೆಯುವ ಮಕ್ಕಳು ಹಾಗೇ. ಪಕ್ಕದ ಮನೆಯ ಒಸ್ವಾಲ್ಡೊ ಇವತ್ತು ಮ್ಯಾಡ್ರಿಡ್‌ಗೆ ಹೊರಟಿದ್ದಾನೆ (ಅವನೂ!), ಅವನ ಕೈಯಲ್ಲೇ ಇದನ್ನು ಕಳಿಸುತ್ತೇನೆ. ಕೆಳಗೆ ಜಾಗ ಬಿಟ್ಟು ಮಗಳಿಂದಲೂ ಎರಡು ಸಾಲು ಬರೆಸುತ್ತೇನೆ. ಕಾಲುಚೀಲ ಎರಡೆರಡು ಹಾಕಿಕೋ. ಅಮ್ಮ ಇದ್ದಿದ್ದರೆ ಏನೆಂದು ಹರಸುತ್ತಿದ್ದಳೋ ಅದನ್ನೆಲ್ಲ ನನ್ನ ಲೆಕ್ಕದಲ್ಲಿ ತೆಗೆದುಕೋ.

ನಿನ್ನ ಅಕ್ಕ,
ನೆರೇಯ್ದಾ

ತಾ.ಕ. ಒಸ್ವಾಲ್ಡೊನ ಟ್ಯಾಕ್ಸಿ ಬಾಗಿಲಲ್ಲೇ ಹಾರ್ನ್ ಹೊಡೆಯುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಎರಡು ಸಾಲು ಬರಿ ಎಂದರೆ ಮೈಲೇನ್ ಪೆನ್ನು ಮುಟ್ಟಲಿಲ್ಲ. "ನಕಲು ಸಿಕ್ಕಿಲ್ಲ ಅನ್ನೋದೆಲ್ಲ ನೆಪ ಅಲ್ವಾ ದೊಡ್ಡಮ್ಮ? ಅಮ್ಮಂಗೆ ನಾನು ಬೇಡ" ಎಂದಳು. ದೇಶದ ಮೇಲೆ ಎಷ್ಟು ಹೊರಿಸಿದರೂ ಹೊರುತ್ತದೆ ಎಂದುಕೊಂಡಿದ್ದೆ, ಆದರೆ ಮಗು ಅದನ್ನು ನಿನ್ನ ಮೇಲೆ ಹೊರಿಸಿತು. ಇದಾಲ್ಮಿಸ್, ಲಕೋಟೆಯೊಳಗೆ ನೋಡು, ನಕಲು ಅಲ್ಲೇ ಇದೆ. ತಾರೀಕು ಜೂನ್ ಹನ್ನೊಂದು. ನೀವಿಬ್ಬರೂ ಅಲ್ಲಿ, ನಾನೊಬ್ಬಳು ಇಲ್ಲಿ ಎಂದು ನೆನೆದು ಒಂಬತ್ತು ವರ್ಷದ ಮಗುವಿನ ಮೇಲೂ ಹೊಟ್ಟೆಕಿಚ್ಚು ಪಟ್ಟು ಐದು ತಿಂಗಳು ಬಚ್ಚಿಟ್ಟೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತು. ಅವಳಿಗೆ ಎಲ್ಲವನ್ನೂ ಹೇಳಿದ್ದೇನೆ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಅವತ್ತು ಕಚೇರಿಯಲ್ಲಿ ಕರೆಂಟು ಇತ್ತು, ಇಂಕು ಇತ್ತು, ಸ್ಟಾಂಪೂ ಇತ್ತು. ಸಹಿ ಹಾಕುವ ಹೆಂಗಸು ಕುರ್ಚಿಯಲ್ಲೇ ಇದ್ದಳು, "ಮಗು ಸುಖವಾಗಿ ಅಮ್ಮನ್ನ ಸೇರ್ಕೊಳ್ಳಲಿ ಕಣಮ್ಮ" ಎಂದು ಹರಸಿ ಇಪ್ಪತ್ತೇ ನಿಮಿಷದಲ್ಲಿ ಕೈಗಿಟ್ಟಳು. ಈ ದೇಶದಲ್ಲಿ ನಮಗೆಂದು ಒಂದೇ ಒಂದು ಕೆಲಸ ಸರಿಯಾಗಿ ಆಗಿತ್ತು, ಅದನ್ನು ಕೆಡಿಸಿದವಳು ನಾನು.