ನೇಗಿಲಿನ ಕೆಳಗೆ ಕೈ

ಮನೆಯಿಂದ,
ಶನಿವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ನೀನು, ಭಾವ, ಪಾಪು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನೀನು ದಿನಾ ಫೋನ್ ಮಾಡುತ್ತೀಯ, ನಾನು "ಹೂಂ, ಪರವಾಗಿಲ್ಲ" ಅಂದು ಇಟ್ಟುಬಿಡುತ್ತೇನೆ. ಬೈಯಬೇಡ. ಫೋನ್ ಬಂದಾಗಲೆಲ್ಲ ಅಪ್ಪ ಪಕ್ಕದ ಕುರ್ಚಿಗೆ ಬಂದು ಕೂರುತ್ತಾರೆ. ಅದಕ್ಕೇ ಈ ಕಾಗದ. ಹಾಲಿನ ವ್ಯಾನಿನವನ ಕೈಯಲ್ಲಿ ಕಳಿಸುತ್ತೇನೆ. ನನ್ನದು ಹಾಸ್ಟೆಲ್ ಕನ್ನಡ, ಸ್ಪೆಲಿಂಗ್ ತಪ್ಪಿದ್ದರೆ ತಿದ್ದಿಕೊಂಡು ಓದು.

ಮೊದಲು ಅಣ್ಣನ ವಿಷಯ. ಬಲಗೈಯ ಎರಡು ಬೆರಳು ಹೋದವು, ಅದು ನಿನಗೆ ಗೊತ್ತು. ಮೂರನೆಯದನ್ನು ಹೊಲಿದಿದ್ದಾರೆ, ಉಳಿಯಬಹುದಂತೆ. ಸೋಮವಾರ ಮನೆಗೆ ಕಳಿಸುತ್ತಾರೆ. ಮೊನ್ನೆ ನೋಡಲು ಹೋದಾಗ ನನ್ನನ್ನು ಹತ್ತಿರ ಕರೆದು, "ಏ ಇಂಜಿನಿಯರ್, ಟ್ರಾಕ್ಟರ್ ಲಿಫ್ಟ್ ಯಾಕೆ ಬಿತ್ತು ಅಂತ ಒಂದ್ಸಲ ನೋಡೇ. ನಂದೇ ಏನೋ ತಪ್ಪಿರ್ಬೇಕು" ಅಂದ. ಫಸ್ಟ್ ಇಯರ್‌ನಲ್ಲಿ ನಮಗೆ ಕಲಿಸಿರುವುದು ಡ್ರಾಯಿಂಗ್ ಶೀಟಿನ ಮೇಲೆ ನಟ್ಟು ಬೋಲ್ಟು ಬರೆಯುವುದನ್ನು ಮಾತ್ರ! ಆದರೂ ಹೂಂ ಅಂದೆ.

ತಾತನ ಟ್ರಾಕ್ಟರ್ ನಿನಗೆ ಗೊತ್ತಲ್ಲ. ಅಪ್ಪನಿಗಿಂತ ವಯಸ್ಸಾದದ್ದು, ಹಟದಲ್ಲಿ ಅಪ್ಪನಷ್ಟೇ. ಅವತ್ತು ಅದರ ಹಿಂದಿನ ಲಿಫ್ಟ್ ನೇಗಿಲನ್ನು ಎತ್ತಲೇ ಒಲ್ಲೆ ಅನ್ನುತ್ತಿತ್ತು. ಸೀಟಿನ ಪಕ್ಕದ ಲಿವರ್ ಮೇಲೆ ಮಾಡಿದರೆ ಗೊರಗೊರ ಅಂದು, ನಡುಗಿ, ಒಂದು ಗೇಣು ಏರಿ ನಿಲ್ಲುತ್ತಿತ್ತು. ಅಪ್ಪ ಸುತ್ತಿಗೆ ತಂದು ಪಂಪಿಗೆ ಬಾರಿಸಿದರು. ಹಾಗೆ ಬಾರಿಸುವಾಗ ಅವರ ಮುಖ ನೋಡಬಾರದು ಅಕ್ಕ. ನಮ್ಮ ಬೆನ್ನಿಗೆ ಬೆಲ್ಟ್ ಬೀಳುತ್ತಿದ್ದಾಗ ಇರುತ್ತಿತ್ತಲ್ಲ, ಅದೇ ಮುಖ.

ಅಣ್ಣ ಇಂಜಿನ್ ಜೋರು ಮಾಡಿ ಹೇಗೋ ನೇಗಿಲನ್ನು ಪೂರ್ತಿ ಎತ್ತಿ, ಇಂಜಿನ್ ಆರಿಸಿ, ಕೆಳಗೆ ಮಲಗಿ ಲಿಫ್ಟಿನ ಎಣ್ಣೆಯ ಬಿರಡೆ ಸಡಿಲಿಸಿ, ಒಂದು ಡಬ್ಬದಷ್ಟು ಬಸಿದು ಮುಚ್ಚಿದ. ಡಬ್ಬಕ್ಕೆ ಬಿದ್ದದ್ದು ಎಣ್ಣೆಯಲ್ಲ, ಹಾಲು ಬೆರೆಸಿದಂಥ ಕಂದು ನೀರು. ಎಣ್ಣೆ ಅಳೆಯುವ ಕಡ್ಡಿ ಎಂದೋ ಕಳೆದುಹೋಗಿತ್ತಂತೆ, ಅಪ್ಪ ಆ ತೂತಿಗೆ ತಮ್ಮ ಹಳೇ ಬನಿಯನ್ ತುರುಕಿದ್ದರು. ವಾರವಾರವೂ ಪೈಪ್ ಹಿಡಿದು ಟ್ರಾಕ್ಟರ್ ತೊಳೆಯುತ್ತಾರಲ್ಲ, ಆ ನೀರೆಲ್ಲ ಬನಿಯನ್ನಿನಿಂದ ಒಳಕ್ಕೆ ಇಳಿದಿದೆ.

ಅಣ್ಣ ಎದ್ದು ಡಬ್ಬ ಎತ್ತಿ ಹಿಡಿದು ಕೂಗಿದ: "ಬನ್ರಪ್ಪಾ, ಟೀ ರೆಡಿ! ನಮ್ಮಪ್ಪ ಬನಿಯನ್‌ನಲ್ಲಿ ಸೋಸಿರೋ ಸ್ಪೆಷಲ್ ಟೀ!"

ಕೆಲಸದವರಿಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪನ ಕೈಯಲ್ಲಿದ್ದ ಸ್ಪ್ಯಾನರ್ ಹಾರಿ ಬಂದು ಅಣ್ಣನ ಹುಬ್ಬು ಸೀಳಿತು.

"ನನ್ನ ಅನ್ನ ತಿಂದು ನನ್ನನ್ನೇ ಆಡ್ಕೋತೀಯೇನೋ, ನಾಯಿ!"

"ಹೊಡೀರಿ. ಟ್ರಾಕ್ಟರ್‌ಗೂ ಹೊಡೀರಿ, ನಂಗೂ ಹೊಡೀರಿ. ಎರಡೂ ರಿಪೇರಿ ಆಗಲ್ಲ," ಅಂದ ಅಣ್ಣ ರಕ್ತವನ್ನು ತೋಳಿಗೆ ಒರೆಸಿಕೊಂಡು ಉಳಿದದ್ದನ್ನು ಬಸಿಯಲು ಮತ್ತೆ ನೇಗಿಲಿನ ಕೆಳಗೆ ತೂರಿದ. ಕೆಲಸದವರು ಮೆಲ್ಲಗೆ ಜಾಗ ಖಾಲಿ ಮಾಡಿದರು. ನಾನು ಹತ್ತಿ ತರಲು ಒಳಗೆ ಓಡಿದೆ.

ಹತ್ತಿ ಹುಡುಕುತ್ತಿದ್ದಾಗ ಧಡ್ ಎಂದಿತು. ಹಿಂದೆಯೇ ಅಣ್ಣನ ಕೂಗು. ಅದು ಮನುಷ್ಯರ ಕೂಗಿನ ಹಾಗಿರಲಿಲ್ಲ. ಹೋಗಿ ನೋಡಿದರೆ ನೇಗಿಲಿನ ಕುಳ ಅವನ ಕೈಯನ್ನು ನೆಲಕ್ಕೆ ಜಡಿದಿತ್ತು. ಡಬ್ಬ ಉರುಳಿ ಆ ಟೀ ಕೆಂಪಗೆ ಹರಿಯುತ್ತಿತ್ತು. ಅಪ್ಪ ಸೀಟಿನ ಪಕ್ಕದಲ್ಲಿ ನಿಂತು "ಲಿಫ್ಟ್ ಜಾರ್ತು, ಲಿಫ್ಟ್ ಜಾರ್ತು" ಅನ್ನುತ್ತಿದ್ದರು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದರು. ಅಮ್ಮನೂ ಹೇಳಿದಳು. ನಾನೂ ಹೇಳಿದೆ.

ನಿನ್ನೆ ಅಪ್ಪ ಆಸ್ಪತ್ರೆಗೆ ಹೋಗಿದ್ದಾಗ ಟೆಸ್ಟ್ ಮಾಡಿದೆ. ಏನನ್ನೂ ಬದಲಾಯಿಸಲಿಲ್ಲ, ಅದೇ ಕೆಟ್ಟ ಎಣ್ಣೆ. ಇಂಜಿನ್ ಜೋರು ಮಾಡಿದಾಗ ನೇಗಿಲು ನರಳುತ್ತ ಏರಿತು. ಇಂಜಿನ್ ಆರಿಸಿ, ನೇಗಿಲಿನ ಎತ್ತರಕ್ಕೆ ಶೆಡ್ಡಿನ ಕಂಬದ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ. ಒಳಗೊಳಗೇ ಸೋರುವ ಲಿಫ್ಟ್ ಆಗಿದ್ದರೆ ನೇಗಿಲು ಗೆರೆ ಬಿಟ್ಟು ಇಳಿಯಬೇಕಿತ್ತು. ಸಂಜೆಗೂ ಅಲ್ಲೇ ಇತ್ತು. ನೇಗಿಲಿನ ಮೇಲೆ ಹತ್ತಿ ಕುಣಿದೆ. ಊಹೂಂ. ಎಣ್ಣೆಗೆ ನೀರು ಸೇರಿ ಏರಲು ಅದಕ್ಕೆ ಕಷ್ಟ, ನಿಜ. ಆದರೆ ಒಮ್ಮೆ ಏರಿತೆಂದರೆ ಬಂಡೆಯ ಹಾಗೆ ನಿಲ್ಲುತ್ತದೆ. ಕೊನೆಗೆ ಲಿವರ್ ಕೆಳಗೆ ತಳ್ಳಿದೆ. ಧಡ್. ಅದೇ ಸದ್ದು.

ಆ ಲಿವರ್ ಎಷ್ಟು ಬಿಗಿ ಅಂದರೆ ಎರಡೂ ಕೈ ಹಾಕಿ ಜೋತುಬೀಳಬೇಕಾಯಿತು. ಅದು ತಾನಾಗಿ ಇಳಿಯುವುದಿಲ್ಲ ಅಕ್ಕ.

ನಾನೇ ಏನೋ ತಪ್ಪು ತಿಳಿದಿದ್ದೇನಾ? ಎಷ್ಟು ಸಲ ಯೋಚಿಸಿದರೂ ಬೇರೆ ಉತ್ತರ ಸಿಗುತ್ತಿಲ್ಲ. ಅಮ್ಮನಿಗೆ ಹೇಳಿದೆ. ಪಾತ್ರೆ ಉಜ್ಜುವುದನ್ನು ನಿಲ್ಲಿಸದೆ, "ಲಿಫ್ಟ್ ಜಾರ್ತು ಕಣೇ. ಹಾಗೇ ಇರ್ಲಿ ಬಿಡು" ಅಂದಳು.

ಸೋಮವಾರ ಭಾವನನ್ನು ಕರೆದುಕೊಂಡು ನೇರವಾಗಿ ಆಸ್ಪತ್ರೆಗೆ ಬಾ. ಅಣ್ಣನನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು, ಈ ಮನೆಗೆ ಬೇಡ. ಡ್ರೆಸ್ಸಿಂಗ್‌ಗೆ ಅಲ್ಲಿಂದ ಹತ್ತಿರ ಅಂತ ಅಪ್ಪನಿಗೆ ಹೇಳು. ಅಣ್ಣನಿಗೆ ನಾನಿನ್ನೂ ಏನೂ ಹೇಳಿಲ್ಲ. ತನ್ನದೇ ತಪ್ಪು ಅಂದುಕೊಂಡು ಮಲಗಿದ್ದಾನೆ. ಅವನಿಗೆ ಅದೇ ಸುಲಭವೋ ಏನೋ. ಹೇಳಲೋ ಬೇಡವೋ, ನೀನೇ ಹೇಳು.

ಭಾವನಿಗೆ ನಮಸ್ಕಾರ. ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ನೀನು ಬಂದಾಗ ತಲೆ ಮೇಲೆ ಕೈಯಿಟ್ಟು ಹರಸು, ಈಗ ಬೇಕಾಗಿದೆ.

ನಿನ್ನ ತಂಗಿ,
ಚೂಟಿ

ತಾ.ಕ.: ಇವತ್ತು ಬೆಳಿಗ್ಗೆ ನೇಗಿಲನ್ನು ಮತ್ತೆ ಎತ್ತಿ, ಕೆಟ್ಟ ಎಣ್ಣೆಯನ್ನೆಲ್ಲ ಬಸಿದು, ಬಿರಡೆ ಬಿಗಿ ಮಾಡಲು ನೇಗಿಲಿನ ಕೆಳಗೆ ಕೈ ಹಾಕಿದ್ದೆ. ಲಿಫ್ಟ್ ನಿಲ್ಲುತ್ತದೆ ಅಂತ ಧೈರ್ಯವಿತ್ತು. ಅಷ್ಟರಲ್ಲಿ ಅಪ್ಪ ಬಂದು ಸೀಟಿನ ಪಕ್ಕದಲ್ಲಿ ನಿಂತು, "ಸರಿಹೋಯ್ತಾ ಮಗಳೇ?" ಅಂದರು. ಮೆತ್ತಗೇ ಕೇಳಿದರು. ನನಗೇ ಗೊತ್ತಿಲ್ಲದೆ ಕೈ ಸರಕ್ಕನೆ ಹೊರಗೆ ಬಂತು. ಅಪ್ಪ ನನ್ನ ಕೈ ನೋಡಿದರು, ಲಿವರ್ ನೋಡಿದರು. ಆಮೇಲೆ ಹೋಗಿ ಒಂದು ಮರದ ದಿಮ್ಮಿ ಹೊತ್ತು ತಂದು ನೇಗಿಲಿನ ಕೆಳಗಿಟ್ಟು ಹೊರಟುಹೋದರು. ಆದರೂ ನಾನು ಮತ್ತೆ ಕೈ ಹಾಕಲಿಲ್ಲ ಅಕ್ಕ.